ದೊಡ್ಡವ್ವನ ಹೊಟ್ಟೆಗೆ ಶರಣು

ಮೊಣಕಾಲಿನ ಆಪರೇಷನ್ನಿಗೆ ಮೊದಲು ತೂಕ ಇಳಿಸಿಕೊಂಡು ಬನ್ನಿ ಎಂದ ಡಾಕ್ಟರಿಗೆ ನಮ್ಮ ದೊಡ್ಡವ್ವ, "ಇಳಸಾಕ ಅದೇನ್ ಜ್ವಾಳದ ಚೀಲ ಏನ್ರಿ?" ಅಂದಿದ್ದಳು. ಅಲ್ಲಿಂದ, ತೂಕ ಇಳಿಸಲು ಹೊಟ್ಟೆಯನ್ನೇ ಸಣ್ಣದು ಮಾಡಿಸುವ ಹುಬ್ಬಳ್ಳಿಯ ಆಪರೇಷನ್ ಟೇಬಲ್ಲಿನವರೆಗೆ ನಡೆದ ಜಗಳ, ಸಾಲ, ಪಂಚಾಂಗ ಎಲ್ಲ ಬಿಡಿ. ನಮ್ಮದು ಡಂಬಳ. ಮಠದ ಜಾತ್ರೆ ಸಾಲದೆಂದು ರೊಟ್ಟಿಗೇ ಒಂದು ಜಾತ್ರೆ ಮಾಡುವ ಊರು. ಇಲ್ಲಿ ಹೊಟ್ಟೆ ಸಣ್ಣದು ಮಾಡಿಸಿಕೊಳ್ಳುತ್ತೇನೆ ಅನ್ನುವುದು ಊರಿಗೇ ಅವಮಾನ. "ಕಪ್ಪತಗುಡ್ಡದ ತುಂಬ ಔಷಧ ಅದಾವ, ದೇವರು ಕೊಟ್ಟ ಹೊಟ್ಟಿ ಕೊಯ್ಸಾಕ ಹೊಂಟೀರಲ್ಲ" ಎಂದು ಕಟ್ಟೆಯ ಮೇಲಿನ ಹಿರಿಯರು ನಿಟ್ಟುಸಿರು ಬಿಟ್ಟರು. ಅವಳು ಎರಡು ಮೆಟ್ಟಿಲಿಗೊಮ್ಮೆ ಕೂತು ಏದುಸಿರು ಬಿಡುವಾಗ ಇವರಲ್ಲಿ ಒಬ್ಬರೂ ಕಟ್ಟೆ ಬಿಟ್ಟು ಎದ್ದು ಬಂದವರಲ್ಲ.

ಮನೆಯಲ್ಲಿ ಓದಿದವನು ನಾನು. ಹಾಗಾಗಿ ತಿಳಿಸಿ ಹೇಳುವ ಕೆಲಸ ನನಗೇ ಬಿತ್ತು. ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಶೇ 75ರಿಂದ 80 ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಕೊಳವೆಯೊಂದನ್ನು ಉಳಿಸುತ್ತಾರೆ ಎಂದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಭಾಗದಲ್ಲೇ, ಅದನ್ನು 1999ರಲ್ಲಿ ಪತ್ತೆ ಮಾಡಿದವರು ಜಪಾನಿನ ಕೊಜಿಮಾ, ಕಂಗಾವಾ ಎಂದೂ ಸೇರಿಸಿದೆ. ದೊಡ್ಡವ್ವ ಸ್ವಲ್ಪ ಯೋಚಿಸಿ, "ನನ್ನ ಹಸಿವು ಜಪಾನದವ್ರಿಗೆ ಹೆಂಗ ಗೊತ್ತಾತು?" ಅಂದಳು. ಒಳಗೆ ಕರೆದೊಯ್ಯುವಾಗ ನನ್ನ ಕೈ ಹಿಡಿದು ಇನ್ನೊಂದು ಮಾತು: "ತಮ್ಮಾ, ತಗದಿದ್ದನ್ನ ನೋಡಿ ಬಾ. ರೊಕ್ಕ ಕೊಟ್ಟೇವಿ."

ಎರಡು ತಾಸಿನ ನಂತರ ಥಿಯೇಟರಿನ ಬಾಗಿಲು ಅರ್ಧ ತೆರೆಯಿತು. ಪೇಶಂಟಿನ ಕಡೆಯವರು ಬರ್ರಿ ಅಂದರು. ಹೋದೆ. ಹಸಿರು ಗೌನಿನ ಹುಡುಗ ಡಾಕ್ಟರು ಸ್ಟೀಲಿನ ಟ್ರೇ ಮುಂದೆ ಹಿಡಿದರು. ಒದ್ದೆ ಗುಲಾಬಿ ಬಣ್ಣ, ಒಂದಂಚಿಗೆ ಸಣ್ಣ ಸಣ್ಣ ಪಿನ್ನುಗಳ ಸಾಲು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಚೆನ್ನಾಗಿದೆ ಅನ್ನಬೇಕೆ? ನಮ್ಮದೇ ಎಂದು ಗುರುತು ಹೇಳಬೇಕೆ? ಅರವತ್ತು ವರ್ಷದ ರೊಟ್ಟಿ, ಮುದ್ದಿಪಲ್ಯ, ಮಾದಲಿ, ಕರಿಹಿಂಡಿ ಎಲ್ಲವನ್ನೂ ತುಟಿಪಿಟಕ್ಕೆನ್ನದೆ ಅರಗಿಸಿದ ಹಿರಿಯ ಜೀವವದು. ಮನೆಯ ಎಲ್ಲರಿಗಿಂತ ಹೆಚ್ಚು ದುಡಿದದ್ದು. ನನಗರಿವಿಲ್ಲದೆ ಎರಡೂ ಕೈ ಮೇಲೆದ್ದವು. ಮುಗಿದೆ. ಸುಮ್ಮನೆ ಅಲ್ಲ, ತಲೆ ಬಾಗಿಸಿ ಮುಗಿದೆ.

ಡಾಕ್ಟರು ಟ್ರೇ ಹಿಂದಕ್ಕೆ ಎಳೆದುಕೊಳ್ಳಲೂ ಆಗದೆ, ಇನ್ನಷ್ಟು ಮುಂದೆ ಚಾಚಲೂ ಆಗದೆ ನಿಂತರು. ಅಷ್ಟರಲ್ಲಿ ನನ್ನ ಹಿಂದೆ, ತನ್ನ ಹೆಂಡತಿಯ ಸುದ್ದಿಗಾಗಿ ಕಾದಿದ್ದ ಯಾರೋ ಯಜಮಾನರು ಇದು ಇಲ್ಲಿನ ಪದ್ಧತಿಯೇ ಇರಬೇಕೆಂದು ಬಗೆದು, ಟೋಪಿ ತೆಗೆದು ತಾವೂ ಮುಗಿದರು. ಅಷ್ಟಕ್ಕೇ ಬಿಡದೆ ಗಲ್ಲಗಲ್ಲ ಬಡಿದುಕೊಂಡರು. ಅವರ ಜೊತೆಗಿದ್ದ ಮುದುಕಿ ಸೆರಗು ಹೊದ್ದು ಮುಂದೆ ಬಂದು, "ಕಾಯಿ ಒಡಸ್ತಾರೇನ್ರಿ?" ಎಂದು ನನ್ನನ್ನೇ ಕೇಳಿದಳು. ನಗು ತಡೆಯಲಾರದ ಡಾಕ್ಟರರ ಮಾಸ್ಕು ಒಳಗೂ ಹೊರಗೂ ಆಡುತ್ತಿತ್ತು. "ಇದು ಲ್ಯಾಬಿಗೆ ಹೋಗ್ಬೇಕ್ರೀ" ಎಂದು ಬಾಗಿಲು ಹಾಕಿಕೊಂಡರು. ನಾನು ಮಾತ್ರ ಅದಕ್ಕೂ ಮೊದಲು ಒಂದು ಫೋಟೊ ತೆಗೆದುಕೊಂಡಿದ್ದೆ.

ಮರುದಿನ ದೊಡ್ಡವ್ವ ಆ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ಇಷ್ಟ ಏನ್? ಇದಕ್ಕ ಇಷ್ಟ್ ವರ್ಷ ಬೈಸ್ಕೊಂಡ್ನೆ?" ಅಂದಳು. ನಾನು ನಗಲಿಲ್ಲ. ಗಂಡಸರದು, ಮಕ್ಕಳದು ಊಟವಾದ ಮೇಲೆ ಕೊನೆಗೆ ಕೂತು, ಚೆಲ್ಲಬಾರದೆಂದು ಉಳಿದ ಅನ್ನ, ತಂಗಳ ರೊಟ್ಟಿ ಎಲ್ಲ ಮುಗಿಸುತ್ತಿದ್ದವಳು ಅವಳು. ಉಳಿಸಿದವರು ನಾವು. ಡೊಳ್ಳಹೊಟ್ಟಿ ಎಂದು ಆಡಿಕೊಂಡವರೂ ನಾವೇ.

ಆಮೇಲಿನದು ಸಣ್ಣ ಕಪ್ಪಿನ ಸಂಸಾರ. ಔಷಧದ ಕಪ್ಪಿನಲ್ಲಿ ಗುಟುಕು ಗುಟುಕು ಬೇಳೆಕಟ್ಟು, ಮಜ್ಜಿಗೆ, ಪ್ರೋಟೀನ್ ಪುಡಿ. ಉಣ್ಣುವಾಗ ನೀರು ಕುಡಿಯುವಂತಿಲ್ಲ. ಬಿ12 ಗುಳಿಗೆ ಕಾಯಂ. ನೋಡಲು ಬಂದವರು ತಂದ ಉಂಡಿ, ಚಕ್ಕುಲಿ ಯಾರ ಪಾಲಾದವು ಎಂದು ನನ್ನ ಪ್ಯಾಂಟಿನ ಗುಂಡಿಯನ್ನೇ ಕೇಳಿ. ಸಂಜೆಯ ನಡಿಗೆಗೆ ಅವಳು ಆರಿಸಿಕೊಂಡದ್ದು ದೊಡ್ಡಬಸಪ್ಪನ ಗುಡಿ. ಹನ್ನೆರಡನೆಯ ಶತಮಾನದ ಶಿಲ್ಪಿಗಳು ಆ ಗರ್ಭಗುಡಿಯನ್ನು 24 ಮೂಲೆಯ ನಕ್ಷತ್ರದಂತೆ ಕಟ್ಟಿದ್ದಾರೆ. ದೂರದಿಂದ ಗುಂಡಗೇ ಕಾಣುತ್ತದೆ. "ಇಷ್ಟ್ ಮೂಲಿ ಇದ್ರೂ ಗುಡಿ ಗುಂಡಗ ಕಾಣತೈತಿ. ಅದಕ್ಕ ಯಾರೂ ಆಪರೇಷನ್ ಮಾಡ್ಸು ಅನ್ನಂಗಿಲ್ಲ" ಎನ್ನುತ್ತ ಸುತ್ತು ಹಾಕುತ್ತಿದ್ದಳು. ಮೊದಮೊದಲು ನನ್ನ ಹೆಗಲು ಹಿಡಿದು, ಆಮೇಲೆ ನನ್ನನ್ನು ಹಿಂದೆ ಹಾಕಿ.

ರೊಟ್ಟಿ ಜಾತ್ರೆ ಬಂತು. ಪಂಕ್ತಿಯಲ್ಲಿ ಕೂತು ಕಾಲು ರೊಟ್ಟಿ ಮುರಿದು, ಪಲ್ಯದಲ್ಲಿ ನೆನೆಸಿ, ಒಂದೊಂದು ತುತ್ತನ್ನೂ ಲೆಕ್ಕ ಬರೆದವರಂತೆ ಅಗಿಯುತ್ತಿದ್ದಳು. ಬಡಿಸುವ ಹುಡುಗ ಬುಟ್ಟಿ ಹೊತ್ತು ಬಂದು, "ಇನ್ನೊಂದು ಹಾಕಲೇನಬೇ?" ಅಂದ.

ದೊಡ್ಡವ್ವ ನನ್ನತ್ತ ಬೆರಳು ಮಾಡಿದಳು: "ಅವಂಗ ಹಾಕು. ಅವಂದಿನ್ನೂ ಇಡೀ ಐತಿ."