ಗೋಡೆ ಏರಿದ ಸೈಕಲ್
ಅಮೆರಿಕದ ತೆರೆಯ ಮೇಲೆ ವಯಸ್ಕ ಗಂಡಸು ಸೈಕಲ್ ತುಳಿಯುತ್ತಿದ್ದಾನೆಂದರೆ ಪಾಪ, ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ. 2005ರ ‘ದಿ ಫಾರ್ಟಿ ಇಯರ್ ಓಲ್ಡ್ ವರ್ಜಿನ್’ನಲ್ಲಿ ಬೊಂಬೆ ಕೂಡಿಟ್ಟುಕೊಂಡು ಒಂಟಿಯಾಗಿದ್ದ ನಾಯಕನಿಗೆ ಕೊಟ್ಟ ವಾಹನ ಯಾವುದು ಹೇಳಿ? ಮಕ್ಕಳಿಗೆ ಮಾತ್ರ ರಿಯಾಯಿತಿ. 1982ರ ‘ಇ.ಟಿ.’ಯಲ್ಲಿ ಹುಡುಗನ ಸೈಕಲ್ ಚಂದ್ರನ ಮುಂದೆಯೇ ಹಾರಿತು. ಗಾಳಿಯಲ್ಲೂ ಪೆಡಲ್ ತುಳಿಯುವ ಅವನ ಶ್ರದ್ಧೆ ನೋಡಬೇಕು!

ನನ್ನ ಮೆಚ್ಚಿನದು ‘ಸೈನ್‌ಫೆಲ್ಡ್’ ಸೈಕಲ್. ಈ ಟಿವಿ ಹಾಸ್ಯ ಧಾರಾವಾಹಿ 1989ರಿಂದ 1998ರವರೆಗೆ ಓಡಿತು. ಅದರ ನಾಯಕ ಜೆರ್ರಿಯ ಮನೆಯ ಗೋಡೆಗೆ ತೂಗುಹಾಕಿದ ಸೈಕಲ್ ಓಡಿದ್ದನ್ನು ನಾನಂತೂ ಕಾಣೆ. ಎದುರುಮನೆಯ ಕ್ರೇಮರ್ ಬಾಗಿಲು ದೂಡಿಕೊಂಡು ನುಗ್ಗುತ್ತಾನೆ, ಫ್ರಿಜ್ ಬರಿದು ಮಾಡುತ್ತಾನೆ, ಸೈಕಲ್ಲಿಗೆ ಮಾತ್ರ ಕೈ ಹಚ್ಚಿದ್ದು ನನಗೆ ನೆನಪಿಲ್ಲ. ನ್ಯೂಯಾರ್ಕಿನಲ್ಲಿದ್ದೂ ಕಳುವಾಗದೆ, ಪಂಕ್ಚರ್ ಆಗದೆ ಉಳಿದ ಸೈಕಲ್ ಇನ್ನೊಂದಿದ್ದರೆ ತೋರಿಸಿ!