ಲಾಂಚ್ ತಪ್ಪಿದ ಫ್ರೇಮು: ಒಂದು ಹಿನ್ನೀರ ಮೀಮಾಂಸೆ

ಪೀಠಿಕೆ: ಸಿದ್ಧವಾದ ಫ್ರೇಮು ಪರದೆಯ ಸರದಿಗೆ ಕಾಯಬೇಕೆಂಬ ವಿ-ಸಿಂಕ್ ಶಾಸ್ತ್ರ ಗ್ರಾಫಿಕ್ಸ್ ಕಾರ್ಡಿನ ಜತೆ ಹುಟ್ಟಿತೆಂಬುದು ಅರೆಪಂಡಿತರ ಭ್ರಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಬ್ಯಾಕೋಡು-ತುಮರಿ ಸೀಮೆಗೂ ಸಾಗರ ಪೇಟೆಗೂ ನಡುವೆ ಶರಾವತಿ ಹಿನ್ನೀರು ನಿಂತಿತಷ್ಟೆ. ಆಮೇಲೆ ಹೊಳೆಬಾಗಿಲ ದಡದಲ್ಲಿ, ಬಸ್ಸನ್ನೂ ಹೊತ್ತು ಹಿನ್ನೀರು ದಾಟಿಸುವ ಲಾಂಚ್ ಕಾದವರೆಲ್ಲ ಈ ಶಾಸ್ತ್ರದಲ್ಲಿ ಪಾರಂಗತರೆಂಬುದೇ ನಮ್ಮ ಪ್ರತಿಜ್ಞೆ.

ಸೂತ್ರ 1: ಹೊರಟ ಲಾಂಚ್ ತಿರುಗದು.
ಭಾಷ್ಯ: 60 ಹರ್ಟ್ಸ್ ಪರದೆ 16.67 ಮಿಲಿಸೆಕೆಂಡಿಗೊಮ್ಮೆ ಚಿತ್ರ ಒಯ್ಯುತ್ತದೆ. ಫ್ರೇಮು 17ಕ್ಕೆ ಸಿದ್ಧವಾಯಿತೋ, ಕೆಟ್ಟಿತು; ಮುಂದಿನ ಸರದಿ 33.3ಕ್ಕೆ. ಎಲ್ಲ ಫ್ರೇಮುಗಳೂ ಹೀಗೆಯೇ ತಡವಾದರೆ 60 ಎಫ್‌ಪಿಎಸ್ (ಸೆಕೆಂಡಿಗಿಷ್ಟು ಫ್ರೇಮು) ಧೊಪ್ಪನೆ 30ಕ್ಕೆ ಬೀಳುತ್ತದೆ. ದೃಷ್ಟಾಂತ: ಬಸ್ಸು ದಡ ಮುಟ್ಟುವಾಗ ಲಾಂಚ್ ನಾಲ್ಕು ಮಾರು ದಾಟಿದೆ. ಡ್ರೈವರ್ ಹಾರ್ನ್ ಬಾರಿಸುತ್ತಾನೆ, ಆಚೆ ದಡದ ಸಿಗಂದೂರು ದೇವಿಯ ದರ್ಶನಕ್ಕೆ ಹೊರಟವರು ಟವೆಲ್ ಬೀಸುತ್ತಾರೆ. ತಡವಾದದ್ದು ಅರ್ಧ ನಿಮಿಷ, ಶಿಕ್ಷೆ ಇಡೀ ಒಂದು ಟ್ರಿಪ್ಪು.

ಸೂತ್ರ 2: ಅವಸರದವನು ಎರಡು ದಡಕ್ಕೂ ಸಲ್ಲ.
ಭಾಷ್ಯ: "ವಿ-ಸಿಂಕ್ ಆಫ್ ಮಾಡಿದರಾಯಿತಲ್ಲ" ಎಂಬುದು ಪೂರ್ವಪಕ್ಷ. ಆಗ ಚಿತ್ರ ಪರದೆಗೇರುತ್ತಿರುವಾಗಲೇ ಫ್ರೇಮು ಹೊತ್ತ ಬಫರ್ ಬದಲಾಗಿ, ಮೇಲೆ ಹಳೆಯ ಫ್ರೇಮು, ಕೆಳಗೆ ಹೊಸದು ಕಾಣುತ್ತದೆ. ಇದೇ ಟೇರಿಂಗ್. ಹೊರಟ ಲಾಂಚಿಗೆ ಬಸ್ಸು ನುಗ್ಗಿಸಿದರೆ ಮುಂದಿನ ಚಕ್ರ ಆಚೆ ದಡದ ಕಳಸವಳ್ಳಿಗೆ ಹೊರಡುತ್ತದೆ, ಹಿಂದಿನದು ಈಚೆ ದಡದ ಅಂಬಾರಗೋಡ್ಲಲ್ಲೇ ಉಳಿಯುತ್ತದೆ.

ಸೂತ್ರ 3: ಕಾಯುವವನು ಕೈಕಟ್ಟಿ ಕೂರಬಾರದು.
ಭಾಷ್ಯ: ಎರಡೇ ಬಫರ್ ಇದ್ದರೆ, ಒಂದು ಪರದೆಯಲ್ಲಿ, ಇನ್ನೊಂದು ಸರದಿಯಲ್ಲಿ, ಕಾರ್ಡಿಗೆ ಬರೆಯಲು ಜಾಗವಿಲ್ಲ. ಮೂರನೆಯದು ಕೊಟ್ಟರೆ ಕೆಲಸ ಸಾಗುತ್ತದೆ. ಆದರೆ ಮೆಮೊರಿ ತುಸು ಹೆಚ್ಚು ಬೇಕು. ಫ್ರೇಮುಗಳು ಸಾಲು ನಿಂತರೆ ಮೌಸ್ ಅಲುಗಿದ್ದು ಪರದೆಗೆ ತಡವಾಗಿ ತಿಳಿಯುತ್ತದೆ.

ಚಿಕಿತ್ಸಾ ಪ್ರಕರಣ: ನೀವು ಬರೆದ ಆಟ ಕುಂಟಿದರೆ ಸರಾಸರಿ ಎಫ್‌ಪಿಎಸ್ ನಂಬಬೇಡಿ, ಒಂದೊಂದು ಫ್ರೇಮಿನ ಮಿಲಿಸೆಕೆಂಡು ಅಳೆಯಿರಿ. ಆಮೇಲೆ ವಿ-ಸಿಂಕ್ ಆಫ್ ಮಾಡಿ ನೋಡಿ. 30 ಇದ್ದದ್ದು 58ಕ್ಕೆ ಹಾರಿದರೆ ಲಾಂಚ್ ತಪ್ಪಿದ್ದು ಕೂದಲೆಳೆಯಲ್ಲಿ. ಒಂದೆರಡು ನೆರಳು ಕಡಿಮೆ ಮಾಡಿದರೆ ಸಾಕು. 30ರಲ್ಲೇ ಕೂತರೆ ಮೊದಲು ಗ್ರಾಫಿಕ್ಸ್ ಡ್ರೈವರ್ ಸೆಟ್ಟಿಂಗ್ಸ್ ತೆರೆಯಿರಿ: ಕೋಡಿನಲ್ಲಿ ನೀವು ಆರಿಸಿದ್ದನ್ನು ಅದು ಮತ್ತೆ ಹೊತ್ತಿಸಿರಬಹುದು. ಅಲ್ಲೂ ಆರಿದ್ದರೆ ದೋಷ ವಿ-ಸಿಂಕಿನದಲ್ಲ, ನಿಮ್ಮ ಕೋಡನ್ನೂ ಶಂಕಿಸಿ.

ಉಪಸಂಹಾರ: ಫ್ರೇಮು ಬಂದಾಗಲೇ ಪರದೆ ಹೊರಡಲಿ ಎಂಬ ಅಡಾಪ್ಟಿವ್-ಸಿಂಕ್ ಅನ್ನು ವೆಸಾ ಸಂಸ್ಥೆ ಡಿಸ್‌ಪ್ಲೇಪೋರ್ಟಿಗೆ ಸೇರಿಸಿದ್ದು 2014ರಲ್ಲಿ. ಹಿನ್ನೀರಿಗೆ ಅದು 2025ರ ಜುಲೈ 14ರಂದು ಬಂತು, 2.44 ಕಿ.ಮೀ. ಉದ್ದದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯ ರೂಪದಲ್ಲಿ. ಬಂದ ಬಸ್ಸು ಬಂದ ಹಾಗೇ ದಾಟುತ್ತದೆ. ಆದರೆ ಸಾಗರದಿಂದಲೇ ತಡವಾಗಿ ಹೊರಟ ಬಸ್ಸಿಗೆ ಸೇತುವೆ ಏನು ಮಾಡೀತು? ಇನ್ನು ಲಾಂಚಿನ ಮೇಲೆ ಗೂಬೆ ಕೂರಿಸುವ ಅನುಕೂಲವೂ ಇಲ್ಲ.