ಅಭಾವಮೀಮಾಂಸೆ: ಬಾರದ ಟೈಲ್ಸ್ ಕುರಿತು ಒಂದು ತಾರ್ಕಿಕ ವಿವೇಚನೆ

ಅನುಬಂಧ. ವಿಷಯ: ಬೆಂಗಳೂರಿನ ಹಳೆಯ ಮನೆಯೊಂದರ ಬಚ್ಚಲಿಗೆ ಬರಬೇಕಾಗಿದ್ದೂ ಬಾರದ ಟೈಲ್ಸ್. ಪ್ರಯೋಜನ: ಮನೆಯೊಡೆಯನ ರಕ್ತದೊತ್ತಡದ ಶಮನ. ಅಧಿಕಾರಿ: ಪೂರ್ತಿ ಹಣವನ್ನು ಮುಂಗಡವಾಗಿ ತೆತ್ತು, ಹಳೆಯ ನೆಲ ಒಡೆಸಿ, ಬಕೆಟ್ ಹಿಡಿದು ಪಕ್ಕದ ಮನೆಗೆ ಸ್ನಾನಕ್ಕೆ ಹೋಗುತ್ತಿರುವವನು. ಮುಂಗಡ ಕೊಡದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಪೂರ್ವಪಕ್ಷ. ‘ಅಂಗಡಿಯವನು ಸುಳ್ಳುಗಾರ’ ಎಂಬುದು ಪಾಮರರ ಮತ. ‘ಸ್ಟಾಕ್ ಇದೆ ಸಾರ್’ ಎಂದವನೇ ವಾರ ಕಳೆದ ಮೇಲೆ ‘ಪ್ರೊಡಕ್ಷನ್ನಿಗೆ ಹಾಕಿದ್ದಾರೆ ಸಾರ್’ ಎಂದರೆ ಹಾಗೆ ತೋರುವುದು ಸಹಜ. ಆದರೆ ಅವನು ಸಾಂಖ್ಯಮತದವನು. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆಂಬುದು ಸತ್ಕಾರ್ಯವಾದ. ಆದ್ದರಿಂದ ಜೇಡಿಮಣ್ಣಿನೊಳಗೆ ಟೈಲ್ಸ್ ಇದ್ದೇ ಇದೆ. ಆ ಮಣ್ಣು ಗುಜರಾತಿನ ಮೋರ್ಬಿಯಲ್ಲಿದೆ ಎಂಬುದು ಬರಿಯ ದೇಶಭೇದ. ಮನೆಯೊಡೆಯನಾದರೋ ನೈಯಾಯಿಕ; ಹುಟ್ಟುವ ಮುನ್ನ ವಸ್ತುವೇ ಇಲ್ಲ ಎನ್ನುವವನು. ಜಗಳ ಎರಡು ದರ್ಶನಗಳದ್ದಾಗಿರುವಾಗ ಗ್ರಾಹಕರ ನ್ಯಾಯಾಲಯ ಏನು ಮಾಡೀತು? ಇನ್ನು ಮೇಸ್ತ್ರಿ ಕ್ಷಣಿಕವಾದಿ. ‘ಸೋಮವಾರ ಬರ್ತೀನಿ’ ಎಂದ ಮೇಸ್ತ್ರಿಯೇ ಬೇರೆ, ಸೋಮವಾರದ ಮೇಸ್ತ್ರಿಯೇ ಬೇರೆ. ಮಾತು ತಪ್ಪಿದವರು ಯಾರೂ ಇಲ್ಲ.

ಅಭಾವ ವಿಭಾಗ. ಅನ್ನಂಭಟ್ಟನ ‘ತರ್ಕಸಂಗ್ರಹ’ ಅಭಾವವನ್ನು ನಾಲ್ಕು ಬಗೆಯೆಂದು ಹೇಳುತ್ತದೆ. ಟೈಲ್ಸ್ ಅಂಗಡಿಯನ್ನು 17ನೇ ಶತಮಾನದಲ್ಲೇ ಇಷ್ಟು ಕರಾರುವಾಕ್ಕಾಗಿ ಕಂಡವರು ಇನ್ನೊಬ್ಬರಿಲ್ಲ.

1. ಪ್ರಾಗಭಾವ: ಆದಿಯಿಲ್ಲ, ಅಂತ್ಯ ಉಂಟು. ಇನ್ನೂ ಬೇಯದ ಟೈಲ್ಸ್. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೋರ್ಬಿಯ ಕಲ್ಲಿದ್ದಲ ಗ್ಯಾಸಿಫೈಯರ್‌ಗಳನ್ನು ಮುಚ್ಚಿಸಿದ ಮೇಲೆ ಅಲ್ಲಿನ ಕುಲುಮೆಗಳು ಪೈಪಿನ ಅನಿಲವನ್ನೋ ಪ್ರೋಪೇನನ್ನೋ ನಂಬಿವೆ. ಅದರ ದರ ಏರಿದರೆ ಕುಲುಮೆ ಆರುತ್ತದೆ. ಕುಲುಮೆ ಆರಿದರೆ ಜಯನಗರದಲ್ಲಿ ಒಬ್ಬನ ಸ್ನಾನ ತಪ್ಪುತ್ತದೆ.

2. ಪ್ರಧ್ವಂಸಾಭಾವ: ಆದಿ ಉಂಟು, ಅಂತ್ಯವಿಲ್ಲ. 1,500 ಕಿ.ಮೀ.ಗೂ ಮಿಕ್ಕ ದಾರಿ ಸವೆಸಿ ಬಂದ ಪೆಟ್ಟಿಗೆಯೊಳಗಿನ ಚೂರುಗಳು. ‘ಆ ಡಿಸೈನ್ ನಿಂತುಹೋಯ್ತು ಸಾರ್’ ಎಂಬ ಆಪ್ತವಾಕ್ಯವೇ ಇದು ಅನಂತವೆಂಬುದಕ್ಕೆ ಪ್ರಮಾಣ.

3. ಅನ್ಯೋನ್ಯಾಭಾವ: ಘಟ ಪಟವಲ್ಲ, ಬಂದದ್ದು ಕೇಳಿದ್ದಲ್ಲ. ಐವರಿ ಎಂಬ ಹೆಸರು ಒಂದೇ ಆದರೂ ಬ್ಯಾಚ್ ಬದಲಾದರೆ ಬಣ್ಣ ಒಂದು ಎಳೆ ಸರಿಯುತ್ತದೆ. ‘ಹಾಕಿದ ಮೇಲೆ ಗೊತ್ತಾಗಲ್ಲ ಬಿಡಿ’ ಎಂದು ಅಂಗಡಿಯವನು ಭೇದವನ್ನೇ ಅಲ್ಲಗಳೆಯುತ್ತಾನೆ. ಇಲ್ಲಿಗೆ ಬರುವಷ್ಟರಲ್ಲಿ ಅವನು ಸಾಂಖ್ಯ ಬಿಟ್ಟು ಅದ್ವೈತ ಹಿಡಿದಿರುತ್ತಾನೆ.

4. ಅತ್ಯಂತಾಭಾವ: ಮೂರು ಕಾಲಕ್ಕೂ ಇಲ್ಲದ್ದು. ತಾರ್ಕಿಕರ ಉದಾಹರಣೆ, ಗಾಳಿಯಲ್ಲಿ ಬಣ್ಣ. ನಮ್ಮದು, ಟೈಲ್ಸೂ ಸಿಮೆಂಟೂ ಮೇಸ್ತ್ರಿಯೂ ಒಂದೇ ದಿನ ಒಂದೇ ಮನೆಯಲ್ಲಿ ಇರುವುದು. ಟೈಲ್ಸ್ ಬಂದ ದಿನ ಮೇಸ್ತ್ರಿ ಊರ ಜಾತ್ರೆಗೆ ಹೋಗಿರುತ್ತಾನೆ. ಅವನು ಮರಳುವಷ್ಟರಲ್ಲಿ ಸಿಮೆಂಟ್ ಚೀಲ ತೇವ ಹೀರಿ ಕಲ್ಲಾಗಿರುತ್ತದೆ.

ಅನುಮಾನ ಪ್ರಕರಣ. ಹಗಲಿನ ದಟ್ಟಣೆಯ ಹೊತ್ತಿನಲ್ಲಿ ದೊಡ್ಡ ಲಾರಿಗಳಿಗೆ ನಗರದೊಳಗೆ ಪ್ರವೇಶವಿಲ್ಲವಾದ್ದರಿಂದ ಲೋಡು ಬರುವುದು ರಾತ್ರಿ. ತಾರ್ಕಿಕರು ಹೊಗೆಯಿಂದ ಬೆಂಕಿಯನ್ನು ಊಹಿಸಿದರು. ಮನೆಯೊಡೆಯ ಹಾರನ್ನಿನಿಂದ ಟೈಲ್ಸನ್ನು ಊಹಿಸಿ, ಲುಂಗಿ ಎತ್ತಿಕಟ್ಟಿ ಬೀದಿಗೆ ಓಡುತ್ತಾನೆ. ಬಂದದ್ದು ಎದುರು ಮನೆಯವರ ಎಂ-ಸ್ಯಾಂಡ್. ಇದಕ್ಕೆ ಹೇತ್ವಾಭಾಸವೆಂದು ಹೆಸರು.

ಸಿದ್ಧಾಂತ. ಆಷಾಢ ಬಂದುಬಿಡುತ್ತದೆಂದು ಅವಸರಪಟ್ಟು ಒಡೆಯುವುದಕ್ಕೆ ಪಂಚಾಂಗ ನೋಡುತ್ತೇವೆ. ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ನೋಡುವುದಿಲ್ಲ. ದೋಷ ಇಲ್ಲಿದೆ. ವಿಧಿ: ಒಂದೇ ಬ್ಯಾಚಿನ ಟೈಲ್ಸ್, ಲೆಕ್ಕಕ್ಕಿಂತ ಶೇ. 10ರಷ್ಟು ಹೆಚ್ಚಾಗಿ, ಹಜಾರದಲ್ಲಿ ಬಂದು ಕುಳಿತ ಮೇಲೆಯೇ ಹಳೆಯ ನೆಲಕ್ಕೆ ಉಳಿ ಮುಟ್ಟಿಸತಕ್ಕದ್ದು. ಈ ವಿಧಿ ಎಲ್ಲರಿಗೂ ತಿಳಿಯುತ್ತದೆ, ನೆಲ ಒಡೆದ ಮಾರನೆಯ ದಿನ.

ಫಲಶ್ರುತಿ. ಇದನ್ನು ನಿತ್ಯ ಪಠಿಸಿದವನಿಗೆ ಟೈಲ್ಸ್ ಬೇಗ ಬರುವುದಿಲ್ಲ. ‘ಗಾಡಿ ದಾರೀಲಿದೆ ಸಾರ್’ ಎಂದಾಗ ‘ಯಾವ ದಾರಿ?’ ಎಂದು ಕೇಳುವ ಅಜ್ಞಾನವೊಂದು ನಾಶವಾಗುತ್ತದೆ.